ಯು.ಕೆ.ಯಲ್ಲಿ ಎಂ.ಎಸ್ಸಿ. ಮ್ಯಾನೇಜ್‌ಮೆಂಟ್ ಘಟಿಕೋತ್ಸವ: ಅಪ್ಪ ಅಮ್ಮನನ್ನು ಊರಿಂದ ಕರೆಸಲಾ?

ತೆಂಗಿನತೋಟ:

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯ ಹುಡುಗಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಈ ಸೆಪ್ಟೆಂಬರ್‌ನಲ್ಲಿ ಡಿಸರ್ಟೇಶನ್, ಅಂದರೆ ಕೊನೆಯ ಪ್ರಬಂಧ, ಕೊಟ್ಟರೆ ಓದು ಮುಗಿಯಿತು. ಘಟಿಕೋತ್ಸವ ಡಿಸೆಂಬರ್‌ನಲ್ಲಿ.

ಅಪ್ಪನಿಗೆ ಬರುವ ಆಸೆ ತುಂಬಾ ಇದೆ. ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಫೋನ್ ಮಾಡಿದಾಗಲೆಲ್ಲ "ಅಲ್ಲಿ ಡಿಸೆಂಬರ್‌ನಾಗೆ ಚಳಿ ಎಷ್ಟಿರುತ್ತೆ?" ಅಂತ ಕೇಳುತ್ತಾರೆ. ಅಮ್ಮ ಮಾತ್ರ "ಸುಮ್ನೆ ಯಾಕೆ ಅಷ್ಟು ದುಡ್ಡು, ಫೋಟೋ ಕಳ್ಸು ಸಾಕು" ಅನ್ನುತ್ತಾರೆ. ಇಬ್ಬರೂ ವಿಮಾನ ಹತ್ತಿದವರಲ್ಲ. ಓದಿನ ಸಾಲ ಇನ್ನೂ ಹಾಗೇ ಇದೆ. ನನಗೆ ಕೆಲಸ ಸಿಕ್ಕಿಲ್ಲ. ಅಪ್ಪನಿಗೆ ಬರುವುದು ತೆಂಗಿನ ತೋಟದ ಆದಾಯ ಮಾತ್ರ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಅಂತ ಯಾವತ್ತೂ ಹಾಕಿಲ್ಲ. ಇಂಥವರಿಗೆ ವೀಸಾ ಕೊಡುತ್ತಾರಾ? ಅಷ್ಟೆಲ್ಲ ಮಾಡಿ ಕರೆಸುವಂಥದ್ದು ಆ ಕಾರ್ಯಕ್ರಮದಲ್ಲಿ ಏನಿರುತ್ತದೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಬ್ರಮ್ ಕನ್ನಡಿಗ:

ತಂಗಿ, ಮೊದಲು ಅಭಿನಂದನೆ. ನಾನು ಅದೇ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ ಇದೇ ಊರಿನಲ್ಲಿದ್ದೇನೆ. ನನ್ನ ಘಟಿಕೋತ್ಸವವೂ ಡಿಸೆಂಬರ್‌ನಲ್ಲೇ ಆಗಿತ್ತು.

ನಡೆಯುವುದು ಆಸ್ಟನ್ ವೆಬ್ ಕಟ್ಟಡದ ಗ್ರೇಟ್ ಹಾಲ್‌ನಲ್ಲಿ. ಕಟ್ಟಡ 1909ರಲ್ಲಿ ಉದ್ಘಾಟನೆ ಆದದ್ದು. ಮೊದಲನೇ ಮಹಾಯುದ್ಧದಲ್ಲಿ ಅದೇ ಹಾಲ್ ಗಾಯಾಳು ಸೈನಿಕರ ಆಸ್ಪತ್ರೆಯಾಗಿತ್ತು. ಎತ್ತರದ ಕಮಾನು ಚಾವಣಿ, ಬಣ್ಣದ ಗಾಜಿನ ದೊಡ್ಡ ಕಿಟಕಿ, ಜೊತೆಗೆ ಆರ್ಗನ್ ವಾದ್ಯ. ಪ್ರಾಧ್ಯಾಪಕರ ಮೆರವಣಿಗೆ ಒಳಗೆ ಬರುವಾಗ ಆ ಆರ್ಗನ್ ಶುರುವಾದರೆ ಕೂತ ಬೆಂಚಿಗೂ ಅದರ ಸದ್ದು ತಾಗುತ್ತದೆ. ನಾನು ಓದುವಾಗ ಕುಲಾಧಿಪತಿ ಆಗಿದ್ದವರು ಹೈದರಾಬಾದಿನಲ್ಲಿ ಹುಟ್ಟಿದ ಕರಣ್ ಬಿಲಿಮೋರಿಯಾ, ಕೋಬ್ರಾ ಬಿಯರ್ ಕಂಪನಿ ಕಟ್ಟಿದವರು. 2014ರಿಂದ 2024ರವರೆಗೆ ಆ ಸ್ಥಾನದಲ್ಲಿದ್ದರು. ಈಗ ಸ್ಯಾಂಡಿ ಒಕೋರೊ ಇದ್ದಾರೆ.

ಇಲ್ಲಿ ಪ್ರತಿಯೊಬ್ಬರ ಹೆಸರನ್ನೂ ಕೂಗುತ್ತಾರೆ. ನೀವು ವೇದಿಕೆ ಹತ್ತುತ್ತೀರಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುತ್ತೀರಿ, ಮಧ್ಯದಲ್ಲಿ ನಿಂತವರು ಒಂದೆರಡು ಮಾತಾಡಿಸಿ ಅಭಿನಂದಿಸುತ್ತಾರೆ. ನಿಮ್ಮ ಪಾಲಿಗೆ ಬರುವುದು ಕೆಲವೇ ಸೆಕೆಂಡು. ಒಟ್ಟು ಕಾರ್ಯಕ್ರಮ ಒಂದೂವರೆ ಗಂಟೆ ಒಳಗೆ ಮುಗಿಯುತ್ತದೆ. ಅತಿಥಿಗಳ ಟಿಕೆಟ್ ಸಾಮಾನ್ಯವಾಗಿ ಒಬ್ಬರಿಗೆ ಎರಡು. ಕರೆಯುವುದಾದರೆ ಈಗಲೇ ನೋಂದಣಿ ಮಾಡಿ, ವೀಸಾ ಬಂದ ಮೇಲೆ ನೋಡೋಣ ಅಂತ ಕಾಯಬೇಡಿ.

ಲೆಕ್ಕಪತ್ರ:

ಎಲ್ಲರೂ ಬನ್ನಿ ಬನ್ನಿ ಅನ್ನುವುದಕ್ಕೆ ಮುಂಚೆ ಲೆಕ್ಕ ಹೇಳಿಬಿಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ ಮೇಡಂ.

ನೀವು ಓದು ಮುಗಿದ ಮೇಲೆ ಅಲ್ಲೇ ಇರಬೇಕು ಅಂದರೆ ಗ್ರಾಜುಯೇಟ್ ರೂಟ್ ವೀಸಾ ಹಾಕಬೇಕು. ಅದರ ಶುಲ್ಕ 2025ರಲ್ಲಿ 880 ಪೌಂಡ್ ಇತ್ತು. ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ಕಟ್ಟುವ ಆರೋಗ್ಯ ಸರ್ಚಾರ್ಜ್ ಆಗ ವರ್ಷಕ್ಕೆ 1,035ರಂತೆ ಎರಡು ವರ್ಷಕ್ಕೆ 2,070. ಎರಡೂ ಸೇರಿ 2,950 ಪೌಂಡ್ ಆಗುತ್ತಿತ್ತು. ಇಷ್ಟನ್ನೂ ಅರ್ಜಿ ಹಾಕುವಾಗಲೇ ಒಟ್ಟಿಗೆ ಕಟ್ಟಬೇಕು. ಅದಾದ ಮೇಲೆ ಕೆಲಸ ಸಿಗುವವರೆಗೆ ಬಾಡಿಗೆ, ಊಟ. ಮುಂದೆಯೂ ಅಲ್ಲೇ ಉಳಿಯಲು ಕೆಲಸದ ವೀಸಾ ಬೇಕು. 2025ರ ಜುಲೈ 22ರಿಂದ ಆ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್‌ಗೆ ಏರಿತು. ನಿಮ್ಮಂಥ ಹೊಸಬರಿಗೆ ಆಗ 33,400. ಅಂಥ ಕೆಲಸ ಒಂದು ತಿಂಗಳಿಗೂ ಸಿಗಬಹುದು, ಎಂಟು ತಿಂಗಳೂ ಆಗಬಹುದು. ಆ ಹೊತ್ತಿಗೆ ಕೈಯಲ್ಲಿ ದುಡ್ಡಿರಬೇಕು.

ಓದಿನ ಸಾಲಕ್ಕೆ ಕಂತು ಶುರುವಾಗದೇ ಇರಬಹುದು, ಬಡ್ಡಿ ಓಡುತ್ತಲೇ ಇರುತ್ತದೆ. ಡಿಸೆಂಬರ್ ಅಂದರೆ ಕ್ರಿಸ್‌ಮಸ್ ಹತ್ತಿರ, ವಿಮಾನದ ದರ ಜಾಸ್ತಿ. ನಾನು ಬೇಡ ಅನ್ನುತ್ತಿಲ್ಲ. ಆದರೆ ಇದಕ್ಕಾಗಿ ಅಪ್ಪ ಇನ್ನೊಂದು ಕೈಸಾಲ ಮಾಡುವುದಾದರೆ, ತೋಟದ ಮೇಲೆ ಬೆಳೆಸಾಲ ಎತ್ತುವುದಾದರೆ, ಖಂಡಿತ ಬೇಡ. ಕೆಲಸ ಸಿಕ್ಕ ಮೇಲೆ ನಿಮ್ಮ ಸಂಬಳದಲ್ಲಿ ಬೇಸಿಗೆಗೆ ಕರೆಸಿಕೊಳ್ಳಿ. ಹದಿನೈದು ದಿನ ಆರಾಮಾಗಿ ಓಡಾಡಿಸಿ.

ದಾವಣಗೆರೆ ಅಮ್ಮ:

ಲೆಕ್ಕಪತ್ರ ಅವರೇ, ನಿಮ್ಮ ಲೆಕ್ಕ ಸರಿ ಇದೆ. ಆದರೆ ಬೇಸಿಗೆಯಲ್ಲಿ ಹೋದರೆ ಲಂಡನ್ ನೋಡಬಹುದು, ಮಗಳು ವೇದಿಕೆ ಹತ್ತುವುದನ್ನು ನೋಡಲಿಕ್ಕಾಗಲ್ಲ.

ಮಗಳೇ, ನನ್ನ ಮಗ ಲೀಡ್ಸ್‌ನಲ್ಲಿ ಎಂ.ಬಿ.ಎ. ಮಾಡಿದ. ನಾನು, ನಮ್ಮ ಯಜಮಾನರು ಇಬ್ಬರೂ ಹೋಗಿದ್ದೆವು. ನನಗೆ ಇಂಗ್ಲಿಷ್ ಭಾಷಣ ಪೂರ್ತಿ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ನಮ್ಮ ಪಕ್ಕದಲ್ಲಿ ನೈಜೀರಿಯಾದ ಒಂದು ಕುಟುಂಬ ಇತ್ತು. ಅಮ್ಮ, ಚಿಕ್ಕಮ್ಮ ಇಬ್ಬರೂ ಒಂದೇ ಥರದ ಬಟ್ಟೆ ಹೊಲಿಸಿ ಉಟ್ಟುಕೊಂಡು ಬಂದಿದ್ದರು. ಅವರ ಹುಡುಗಿಯ ಹೆಸರು ಕೂಗಿದ ತಕ್ಷಣ ಎದ್ದು ನಿಂತು ಕೂಗಿದ್ದೇ ಕೂಗಿದ್ದು! ಹಾಲ್ ಪೂರ್ತಿ ತಿರುಗಿ ನೋಡಿ ಚಪ್ಪಾಳೆ ತಟ್ಟಿತು. ಅದನ್ನು ನೋಡಿ ನಮಗೂ ಧೈರ್ಯ ಬಂತು. ನಮ್ಮ ಹುಡುಗನ ಸರದಿ ಬಂದಾಗ ನಾವೂ ಎದ್ದು ನಿಂತೆವು.

ಯಜಮಾನರು ಮೊಬೈಲ್ ಹಿಡಿದುಕೊಂಡು ವಿಡಿಯೋ ಮಾಡಲಿಕ್ಕೆ ಹೊರಟಿದ್ದರು. "ಅದನ್ನ ಕೆಳಗಿಡ್ರಿ, ಕಣ್ಣಲ್ಲಿ ನೋಡ್ರಿ" ಅಂದೆ. ವಿಡಿಯೋ ವಿಶ್ವವಿದ್ಯಾಲಯದವರೇ ಮಾಡಿ ನೆಟ್‌ನಲ್ಲಿ ಹಾಕಿದ್ದರು, ಆಮೇಲೆ ಬೇಕಾದಷ್ಟು ಸಲ ನೋಡಿದೆವು. ನಿಮ್ಮ ಅಪ್ಪನಿಗೂ ಇದನ್ನೇ ಹೇಳು. ಮತ್ತೆ ಅಮ್ಮ "ಬೇಡ" ಅನ್ನುತ್ತಾರೆ ಅಂದೆಯಲ್ಲ, ನಾನೂ ಹಾಗೇ ಅಂದವಳು. ನಾವು ತಾಯಂದಿರು ಮೊದಲು ಬೇಡ ಅಂತಲೇ ಅನ್ನುವುದು. ಇನ್ನೊಂದು ಸಲ ಕೇಳು.

ಶಿರಸಿ ಹುಡುಗ:

ನಾನು ಹೋಗದೇ ಇದ್ದವನು. ಅದನ್ನೂ ಕೇಳಿ.

ನಾನು ಗ್ಲಾಸ್ಗೋದಲ್ಲಿ ಫೈನಾನ್ಸ್ ಎಂ.ಎಸ್ಸಿ. ಮಾಡಿದೆ. ಡಿಸರ್ಟೇಶನ್ ಕೊಟ್ಟ ತಕ್ಷಣ ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ವಾಪಸ್ ಬಂದುಬಿಟ್ಟೆ. ಘಟಿಕೋತ್ಸವಕ್ಕೆ ಮತ್ತೆ ಹೋಗಲಿಲ್ಲ. ಗೈರುಹಾಜರಿಯಲ್ಲೇ ಪದವಿ ಕೊಟ್ಟರು, ಪ್ರಮಾಣಪತ್ರ ಅಂಚೆಯಲ್ಲಿ ಮನೆಗೆ ಬಂತು. ಅದರಲ್ಲಿ ಗೈರು ಅಂತ ಎಲ್ಲೂ ಬರೆದಿರುವುದಿಲ್ಲ. ಕೆಲಸಕ್ಕೆ ಸೇರುವಾಗ ಕಂಪನಿಯವರು ಪದವಿ ಪರಿಶೀಲಿಸಿದರು, ಏನೂ ತೊಂದರೆ ಆಗಲಿಲ್ಲ. ನೇರಪ್ರಸಾರವನ್ನು ಶಿರಸಿಯಲ್ಲಿ ಮನೆಮಂದಿಯೆಲ್ಲ ಟಿವಿಗೆ ಹಾಕಿಕೊಂಡು ನೋಡಿದೆವು. ನನ್ನ ಜೊತೆ ಓದಿದವರೆಲ್ಲ ಒಬ್ಬೊಬ್ಬರಾಗಿ ವೇದಿಕೆ ಹತ್ತಿದರು. ಅಜ್ಜಿ "ನೀ ಯಾವಾಗ ಬತ್ತೆ?" ಕೇಳಿದಳು. ಬರಲ್ಲ ಅಂತ ಹೇಳಲು ಕಷ್ಟ ಆಯಿತು.

ಪದವಿಗೆ ಏನೂ ಕಡಿಮೆ ಆಗಲ್ಲ ಅನ್ನುವುದು ಖಾತ್ರಿ. ಆದರೆ ನೀವು ಹೇಗೂ ಅಲ್ಲೇ ಇದ್ದೀರಿ. ಅಪ್ಪ ಅಮ್ಮ ಬರಲಿ, ಬಿಡಲಿ, ನೀವಂತೂ ತಪ್ಪಿಸಬೇಡಿ.

ತೆಂಗಿನತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೆಕ್ಕಪತ್ರ ಸರ್, ಗ್ರಾಜುಯೇಟ್ ವೀಸಾ ದುಡ್ಡು ಪಾರ್ಟ್‌ಟೈಮ್ ಕೆಲಸದಲ್ಲಿ ಕೂಡಿಸಿಟ್ಟಿದ್ದೇನೆ, ಅದನ್ನು ಮುಟ್ಟುವುದಿಲ್ಲ. ಅಪ್ಪ ಬರುವುದಾದರೆ ಕೊಬ್ಬರಿ ಮಾರಿದ ದುಡ್ಡಿನಲ್ಲೇ ಬರುತ್ತಾರೆ, ಸಾಲ ಮಾಡಲು ನಾನೂ ಬಿಡಲ್ಲ.

ಒಂದು ಅನುಮಾನ. ಘಟಿಕೋತ್ಸವ ಆಗದೆ ಗ್ರಾಜುಯೇಟ್ ವೀಸಾ ಹಾಕಲಿಕ್ಕೆ ಬರುವುದಿಲ್ಲ ಅಂತ ಇಲ್ಲಿ ಒಬ್ಬರು ಹೇಳಿದರು. ಹೌದಾ? ನನ್ನ ಸ್ಟೂಡೆಂಟ್ ವೀಸಾ ಜನವರಿಗೆ ಮುಗಿಯುತ್ತದೆ.

ಬ್ರಮ್ ಕನ್ನಡಿಗ:

ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ಕೋರ್ಸ್ ಪೂರ್ತಿ ಮಾಡಿದ್ದೀರಿ ಅಂತ ವಿಶ್ವವಿದ್ಯಾಲಯ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಂ ಆಫೀಸ್‌ಗೆ ತಿಳಿಸಬೇಕು. ಅಷ್ಟಾದರೆ ಅರ್ಜಿ ಹಾಕಬಹುದು. ಫಲಿತಾಂಶ ಬಂದ ಮೇಲೆ ಆ ಮಾಹಿತಿ ಹೋಗಿದೆಯಾ ಅಂತ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ವಿಭಾಗಕ್ಕೆ ಮೇಲ್ ಮಾಡಿ ಕೇಳಿ. ಸ್ಟೂಡೆಂಟ್ ವೀಸಾ ಮುಗಿಯುವ ಮುಂಚೆ, ಯು.ಕೆ. ಒಳಗಿದ್ದುಕೊಂಡೇ ಅರ್ಜಿ ಹಾಕಬೇಕು. ಉತ್ತರ ಬರುವ ಮುಂಚೆ ಹೊರದೇಶಕ್ಕೆ ಹೋದರೆ ಅರ್ಜಿ ಬಿದ್ದುಹೋಗುತ್ತದೆ. ಅಪ್ಪ ಅಮ್ಮನ ಜೊತೆ ಪ್ಯಾರಿಸ್ ನೋಡಿ ಬರೋಣ ಅಂತೆಲ್ಲ ಆ ಹೊತ್ತಿನಲ್ಲಿ ಹೊರಡಬೇಡಿ.

ಇನ್ನೊಂದು, ಕೋರ್ಸ್ ಫೀಸು ಬಾಕಿ ಇದ್ದರೆ ಘಟಿಕೋತ್ಸವಕ್ಕೆ ಬಿಡುವುದಿಲ್ಲ. ಬ್ಯಾಂಕಿನಿಂದ ಕೊನೆಯ ಕಂತು ಜಮಾ ಆಗಿದೆಯಾ ನೋಡಿಕೊಳ್ಳಿ.

ಹಾಸನ ವೀಸಾ:

ನಾನು ಹತ್ತಾರು ಕುಟುಂಬಗಳಿಗೆ ಅಪ್ಪ ಅಮ್ಮಂದಿರ ವೀಸಾ ಅರ್ಜಿ ತುಂಬಿಕೊಟ್ಟಿದ್ದೇನೆ, ನಮ್ಮ ಕಡೆ ರೈತರದೇ ಜಾಸ್ತಿ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಪ್ಪ ಅಮ್ಮನಿಗೆ ಬೇಕಾದದ್ದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಆರು ತಿಂಗಳಿನದಕ್ಕೆ 2025ರ ಏಪ್ರಿಲ್‌ನಲ್ಲಿ 127 ಪೌಂಡ್ ಇತ್ತು, ಒಬ್ಬರಿಗೆ. ಆರೋಗ್ಯ ಸರ್ಚಾರ್ಜ್ ಇಲ್ಲ, ಕ್ಷಯ ಪರೀಕ್ಷೆಯೂ ಬೇಡ. ಪ್ರಯಾಣದ ದಿನಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು, ಫೋಟೋ ಬೆಂಗಳೂರಿನಲ್ಲಿ ಕೊಡಬೇಕು, ಅದಾಗಿ ಸಾಮಾನ್ಯವಾಗಿ ಮೂರು ವಾರಕ್ಕೆ ಉತ್ತರ ಬರುತ್ತದೆ. ಅಂದರೆ ನೀವು ಈಗಲೇ ಶುರು ಮಾಡಬೇಕು. ಅಪ್ಪ ಅಮ್ಮನ ಪಾಸ್‌ಪೋರ್ಟ್ ಇದೆಯಾ? ಇಲ್ಲದಿದ್ದರೆ ನಾಳೆಯೇ ಅರ್ಜಿ ಹಾಕಿಸಿ.

ರಿಟರ್ನ್ ಹಾಕಿಲ್ಲ ಅನ್ನುವುದೇ ಅಡ್ಡಿ ಅಲ್ಲ, ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಆದಾಯ ಎಲ್ಲಿಂದ ಬರುತ್ತದೆ ಅಂತ ಕಾಗದದಲ್ಲಿ ತೋರಿಸಬೇಕು. ಪಹಣಿ, ಎಪಿಎಂಸಿಯಲ್ಲಿ ಕೊಬ್ಬರಿ ಮಾರಿದ ಬಿಲ್ಲುಗಳು, ಆ ದುಡ್ಡು ಜಮಾ ಆದ ಬ್ಯಾಂಕ್ ಪಾಸ್‌ಬುಕ್, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ತಿಪಟೂರಿನಲ್ಲೋ ಅರಸೀಕೆರೆಯಲ್ಲೋ ಮಾರಿದ ಬಿಲ್ಲಿನ ಮೊತ್ತವೇ ಪಾಸ್‌ಬುಕ್ಕಿನಲ್ಲಿ ಕಂಡರೆ ನೋಡುವವರಿಗೆ ಅನುಮಾನವೇ ಬರುವುದಿಲ್ಲ. ನಗದು ತಗೊಂಡು ಮನೆಯಲ್ಲಿಟ್ಟು, ಅರ್ಜಿಗೆ ಒಂದು ವಾರ ಮುಂಚೆ ಐದು ಲಕ್ಷ ಒಟ್ಟಿಗೆ ಕಟ್ಟಿದರೆ ಮಾತ್ರ ಕಷ್ಟ. ಅದು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಬಂಧುಗಳ ದುಡ್ಡನ್ನು ನಾಲ್ಕು ದಿನಕ್ಕೆ ಖಾತೆಗೆ ಹಾಕಿಸಿಕೊಳ್ಳುವ ಚಾಳಿ ನಮ್ಮಲ್ಲಿ ಇದೆ, ದಯವಿಟ್ಟು ಮಾಡಬೇಡಿ.

ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ ಅನ್ನುವ ಒಕ್ಕಣೆ, ತಾರೀಖು, ಅನುವಾದಕರ ಹೆಸರು, ಸಹಿ, ವಿಳಾಸ ಇರಬೇಕು. ಪಹಣಿಯನ್ನು ಹಾಗೇ ಸ್ಕ್ಯಾನ್ ಮಾಡಿ ಹಾಕಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ವಿಶ್ವವಿದ್ಯಾಲಯದಿಂದ ಘಟಿಕೋತ್ಸವದ ಆಹ್ವಾನ ಪತ್ರ ತಗೊಳ್ಳಿ. ಅಪ್ಪ ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಲಿ. ಆ ಪತ್ರ ಇದ್ದ ಮಾತ್ರಕ್ಕೆ ವೀಸಾ ಖಾತ್ರಿ ಅಲ್ಲ. ಆದರೆ ಯಾಕೆ ಹೋಗುತ್ತಿದ್ದಾರೆ, ಯಾವ ದಿನ ಅನ್ನುವುದು ಅದರಿಂದ ಸ್ಪಷ್ಟವಾಗುತ್ತದೆ. ವಾಪಸ್ ಬರುವುದಕ್ಕೆ ಕಾರಣವನ್ನು ಅಪ್ಪ ಒಂದು ಪುಟದಲ್ಲಿ ಬರೆಯಲಿ: ತೋಟ, ದನಕರು, ಮನೆಯಲ್ಲಿ ಅಜ್ಜಿ ಇದ್ದರೆ ಅಜ್ಜಿ. ಉಳಿದುಕೊಳ್ಳುವುದು ಎರಡು ವಾರ ಅಂತ ಬರೆದು ಎರಡೇ ವಾರಕ್ಕೆ ಖರ್ಚು ತೋರಿಸಿ. ವೀಸಾ ಬರುವವರೆಗೆ ದುಡ್ಡು ವಾಪಸ್ ಬಾರದ ಟಿಕೆಟ್ ಬುಕ್ ಮಾಡಬೇಡಿ. ಟ್ರಾವೆಲ್ ಇನ್ಶೂರೆನ್ಸ್ ಮಾತ್ರ ಬಿಡಬೇಡಿ. ಅಲ್ಲಿ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಬಿಲ್ಲನ್ನು ಭೇಟಿಗೆ ಬಂದವರೇ ಕಟ್ಟಬೇಕಾಗುತ್ತದೆ.

ನಿವೃತ್ತ ಮೇಷ್ಟ್ರು:

ಈ ಚರ್ಚೆ ಓದಿ ಎರಡು ಮಾತು ಬರೆಯಬೇಕು ಅನ್ನಿಸಿತು. ನಾನು ವಾಣಿಜ್ಯ ಉಪನ್ಯಾಸಕನಾಗಿದ್ದವನು.

ತಂಗಿ ಓದುತ್ತಿರುವ ಜಾಗ ನಮ್ಮ ವಿಷಯದವರಿಗೆ ಸಾಮಾನ್ಯದ್ದಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಸನ್ನದು ಸಿಕ್ಕಿದ್ದು 1900ರಲ್ಲಿ. ಎರಡೇ ವರ್ಷಕ್ಕೆ, 1902ರಲ್ಲಿ, ಅಲ್ಲಿ ವಾಣಿಜ್ಯ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ವಿಲಿಯಂ ಆಶ್ಲಿ ಎಂಬ ಆರ್ಥಿಕ ಇತಿಹಾಸಕಾರ. ವ್ಯಾಪಾರ ಅನ್ನುವುದು ಅಂಗಡಿಯಲ್ಲಿ ಕಲಿಯುವ ವಿಷಯ, ವಿಶ್ವವಿದ್ಯಾಲಯಕ್ಕೆ ಅದರಿಂದ ಏನಾಗಬೇಕು ಎಂದು ದೊಡ್ಡವರು ಕೇಳುತ್ತಿದ್ದ ಕಾಲ ಅದು. ಕಾರ್ಖಾನೆಗಳ ಊರಿಗೆ, ಕಾರ್ಖಾನೆ ನಡೆಸುವವರ ಮಕ್ಕಳಿಗೆ ಅಂತಲೇ ಆ ಕೋರ್ಸ್ ಹುಟ್ಟಿತು. ಈಗ ಅರಸೀಕೆರೆಯ ತೆಂಗು ಬೆಳೆಗಾರರ ಮಗಳು ಅಲ್ಲಿ ಪದವಿ ಪಡೆಯುತ್ತಿದ್ದಾಳೆ. ನನಗೆ ಇದು ದೊಡ್ಡ ವಿಷಯ.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಘಟಿಕೋತ್ಸವದ ದಿನ ವೇದಿಕೆ ಹತ್ತುವವರು ಸಾಮಾನ್ಯವಾಗಿ ಪಿಎಚ್.ಡಿ. ಪಡೆದವರು, ಚಿನ್ನದ ಪದಕ ಗೆದ್ದವರು. ಸಾವಿರಾರು ಮಕ್ಕಳಿರುವಲ್ಲಿ ಬೇರೆ ದಾರಿಯೂ ಕಷ್ಟ. ಉಳಿದವರಿಗೆ ಪ್ರಮಾಣಪತ್ರ ಕೈಗೆ ಬಂದರೆ ಅದೇ ಘಟಿಕೋತ್ಸವ. ನಾನು ಪಾಠ ಮಾಡಿದ ಎಷ್ಟೋ ಮಕ್ಕಳು, ರಾತ್ರಿ ಹೋಟೆಲಿನಲ್ಲಿ ದುಡಿದು ಹಗಲು ಎಂ.ಕಾಂ. ಓದಿದವರು, ತಮ್ಮ ಹೆಸರನ್ನು ಒಂದು ಸಭೆಯಲ್ಲಿ ಯಾರಾದರೂ ಕೂಗಿದ್ದನ್ನು ಕೇಳಲೇ ಇಲ್ಲ. ಹಾಗಾಗಿ ಹೆಸರು ಕೂಗುವ ಜಾಗ ಸಿಕ್ಕಿರುವಾಗ, ಸಾಲ ಮಾಡದೆ ಬರಲು ಆಗುವುದಾದರೆ, ಅಪ್ಪ ಬರಲಿ. ಇಬ್ಬರಿಗೂ ಆಗದಿದ್ದರೆ ಒಬ್ಬರಾದರೂ ಬರಲಿ.

ಲೆಕ್ಕಪತ್ರ:

ಮೇಷ್ಟ್ರ ಮಾತಿಗೆ ಎದುರಾಡುವುದಿಲ್ಲ. ಮೇಡಂ ವೀಸಾ ದುಡ್ಡು ಬೇರೆ ತೆಗೆದಿಟ್ಟಿದ್ದಾರೆ, ಹೊಸ ಸಾಲ ಇಲ್ಲ ಅಂದಿದ್ದಾರೆ. ಅಲ್ಲಿಗೆ ನನ್ನ ಆಕ್ಷೇಪ ಮುಗಿಯಿತು. ಎರಡು ಟಿಕೆಟ್ಟಾ ಒಂದಾ ಅನ್ನುವುದನ್ನು ಈ ಸಲದ ಕೊಬ್ಬರಿ ರೇಟು ನೋಡಿ ಮನೆಯಲ್ಲೇ ತೀರ್ಮಾನ ಮಾಡಿ.

ಖರ್ಚು ಉಳಿಸಲು ಒಂದು ದಾರಿ ಇದೆ. ಲಂಡನ್‌ಗೆ ಇಳಿಸಿ ಅಲ್ಲಿಂದ ರೈಲಿನಲ್ಲಿ ಕರೆತರುವ ಬದಲು ಬೆಂಗಳೂರಿಂದ ದುಬೈ ಮೇಲೆ ನೇರ ಬರ್ಮಿಂಗ್‌ಹ್ಯಾಮ್‌ಗೇ ಬರುವ ಎಮಿರೇಟ್ಸ್ ದರವನ್ನೂ ನೋಡಿ. ಮೊದಲ ಸಲ ಬರುವವರಿಗೆ ಊರಿಗೇ ಬಂದು ಇಳಿಯುವುದು ಸುಲಭ.

ಕಾಲೇಜ್ ಅಕ್ಕ:

ಹುಡುಗಿಯರಿಗೆ ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ. ಗೌನ್ ಮೇಲೆ ಹಾಕುವ ಹುಡ್ ಇದೆಯಲ್ಲ, ಬೆನ್ನ ಹಿಂದೆ ಬಣ್ಣದ ಪಟ್ಟಿ ಕಾಣುವ ಹಾಗೆ ಇಳಿಬಿಡುವುದು, ಅದರ ಮುಂದೆ ಒಂದು ಸಣ್ಣ ದಾರದ ಕುಣಿಕೆ ಇರುತ್ತದೆ. ಅದನ್ನು ಶರ್ಟಿನ ಗುಂಡಿಗೆ ಸಿಕ್ಕಿಸಿಕೊಳ್ಳಬೇಕು. ಸೀರೆ ಉಟ್ಟರೆ ಗುಂಡಿ ಎಲ್ಲಿಂದ ಬರಬೇಕು? ರೇಷ್ಮೆ ಸೀರೆ ಮೇಲೆ ಹುಡ್ ನಿಲ್ಲುವುದೇ ಇಲ್ಲ, ಹಿಂದಕ್ಕೆ ಜಾರಿ ಜಾರಿ ಗಂಟಲಿಗೆ ಬರುತ್ತದೆ. ಕುಣಿಕೆಯನ್ನು ರವಿಕೆಗೆ ಸೇಫ್ಟಿ ಪಿನ್ ಹಾಕಿ ಹಿಡಿಸಿ. ಎರಡೂ ಭುಜದ ಮೇಲೆ ಹುಡ್, ಗೌನ್, ಸೆರಗು ಮೂರಕ್ಕೂ ಸೇರಿಸಿ ಒಂದೊಂದು ಪಿನ್. ಪಿನ್ ಡಬ್ಬಿ ಊರಿಂದಲೇ ತರಿಸಿಕೊಳ್ಳಿ. ಟೋಪಿಗೆ ಹೇರ್‌ಪಿನ್ ಬೇಕು. ಜಡೆ ಕೆಳಗೆ ಹಾಕಿ, ತುರುಬು ಕಟ್ಟಿದರೆ ಟೋಪಿ ಕೂರುವುದಿಲ್ಲ.

ಗೌನ್ ಬಾಡಿಗೆಗೆ ಬರುತ್ತದೆ, ಸುಮಾರು 50 ಪೌಂಡ್ ಆಸುಪಾಸು. ಬುಕ್ ಮಾಡುವಾಗ ಎತ್ತರ, ತಲೆಯ ಸುತ್ತಳತೆ ಕೇಳುತ್ತಾರೆ, ಟೇಪಿನಲ್ಲಿ ಹಣೆ ಮೇಲೆ ಅಳೆದುಕೊಳ್ಳಿ. ಕಡೇ ದಿನಾಂಕ ದಾಟಿದರೆ ದರ ಹೆಚ್ಚು. ಫೋಟೋ ಪ್ಯಾಕೇಜ್ ತಗೊಳ್ಳಲೇಬೇಕು ಅಂತ ಏನಿಲ್ಲ. ಒಂದು ಫೋಟೋ ಮಾತ್ರ ತೆಗೆಸಿ ಸಾಕು, ಉಳಿದದ್ದು ಗೆಳತಿಯರು ತೆಗೆಯುತ್ತಾರೆ.

ಹೆಸರಿನ ವಿಷಯ ಮರೆಯಬೇಡಿ. ನಮ್ಮ ಕಡೆ ಇನಿಶಿಯಲ್ ಬಿಡಿಸಿ ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಸೇರಿಸಿರುತ್ತಾರೆ. ಪ್ರಮಾಣಪತ್ರದಲ್ಲಿ ಬರುವುದು ವಿಶ್ವವಿದ್ಯಾಲಯದ ದಾಖಲೆಯಲ್ಲಿರುವ ಹೆಸರು. ಈಗಲೇ ತೆಗೆದು ನೋಡಿ, ಒಂದು ಅಕ್ಷರ ತಪ್ಪಿದ್ದರೂ ಸರಿ ಮಾಡಿಸಿ. ಆಮೇಲೆ ತಿದ್ದಿಸುವುದು ತುಂಬಾ ತಾಪತ್ರಯ. ಹೆಸರು ಹೇಗೆ ಉಚ್ಚರಿಸಬೇಕು ಅಂತ ಮೊದಲೇ ಕೇಳಿದರೆ ಬಿಡಿಸಿ ಬರೆದುಕೊಡಿ. ಅಪ್ಪ ಅಷ್ಟು ದೂರ ಬಂದು ಕೂತಾಗ ಮಗಳ ಹೆಸರು ಅವರಿಗೆ ಗುರುತು ಸಿಗಬೇಕು ಅಲ್ವಾ.

ತೆಂಗಿನತೋಟ:

ಅಕ್ಕ, ಪಿನ್ ವಿಷಯ ನನಗೆ ಹೊಳೆದೇ ಇರಲಿಲ್ಲ. ನಾನು ಅವರ ಮದುವೆ ಸೀರೆಯನ್ನೇ ಉಡಬೇಕು ಅಂತ ಅಮ್ಮ ಅನ್ನುತ್ತಿದ್ದಾರೆ.

ಮನೆಯಲ್ಲಿ ಮಾತಾಡಿದೆ. ದಾವಣಗೆರೆ ಅಮ್ಮ ಹೇಳಿದ ಹಾಗೆ ಅಮ್ಮನನ್ನು ಇನ್ನೊಂದು ಸಲ ಕೇಳಿದೆ. "ದನ ಯಾರು ನೋಡ್ಕೊತಾರೆ?" ಅಂದರು. ಬೇಡ ಅನ್ನಲಿಲ್ಲ! ಚಿಕ್ಕಪ್ಪ ನೋಡಿಕೊಳ್ಳುತ್ತಾರಂತೆ. ಇಬ್ಬರೂ ಬರುವುದು ಅಂತ ಆಯಿತು. ಪಾಸ್‌ಪೋರ್ಟ್ ಇಬ್ಬರದೂ ಇದೆ, ಆಹ್ವಾನ ಪತ್ರಕ್ಕೆ ಮೇಲ್ ಹಾಕಿದ್ದೇನೆ. ಬಂದ ಮೇಲೆ ಏನೇನು ತೋರಿಸಬಹುದು? ಊರಿಂದ ಏನು ತರಬಹುದು?

ದಾವಣಗೆರೆ ಅಮ್ಮ:

ಬಹಳ ಸಂತೋಷ ಮಗಳೇ. ತುಪ್ಪ, ಪೇಡ, ಹಾಲಿನ ಸಿಹಿ ಯಾವುದೂ ತರಬೇಡಿ ಅಂತ ಹೇಳು. ಇಂಡಿಯಾದಿಂದ ಹಾಲಿನ ಪದಾರ್ಥ, ಮಾಂಸ ಒಳಗೆ ಬಿಡುವುದಿಲ್ಲ. ಚಟ್ನಿಪುಡಿ, ಎಣ್ಣೆಯಲ್ಲಿ ಕರಿದ ಚಕ್ಕುಲಿ, ಕೊಬ್ಬರಿ ಮಿಠಾಯಿಯನ್ನು ಹಾಲು ತುಪ್ಪ ಹಾಕದೆ ಬೆಲ್ಲದಲ್ಲಿ ಮಾಡಿದ್ದರೆ ಅದನ್ನು ತರಲಿ. ಅಮ್ಮನಿಗೆ ಸೀರೆ ಒಳಗೆ ಹಾಕಿಕೊಳ್ಳಲು ಥರ್ಮಲ್ ಪ್ಯಾಂಟು, ಕಾಲಿಗೆ ಉಣ್ಣೆಯ ಸಾಕ್ಸು, ಮುಚ್ಚಿದ ಶೂ ಬೇಕೇ ಬೇಕು. ಚಪ್ಪಲಿಯಲ್ಲಿ ಬಂದರೆ ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿಯುತ್ತದೆ.

ಬ್ರಮ್ ಕನ್ನಡಿಗ:

ದಪ್ಪ ಕೋಟು ಊರಲ್ಲಿ ಕೊಳ್ಳಬೇಡಿ, ಇಲ್ಲೇ ಕಡಿಮೆಗೆ ಸಿಗುತ್ತದೆ. ಊರಿನ ಮಧ್ಯೆ ಇರುವ ಪ್ರೈಮಾರ್ಕ್ ಬಟ್ಟೆ ಅಂಗಡಿ 2019ರಲ್ಲಿ ತೆರೆದಾಗ ಪ್ರಪಂಚದಲ್ಲೇ ದೊಡ್ಡದು ಅಂತ ಸುದ್ದಿಯಾಗಿತ್ತು. ವಿಮಾನ ನಿಲ್ದಾಣಕ್ಕೆ ನೀವೇ ಎರಡು ಜಾಕೆಟ್ ಹಿಡಿದುಕೊಂಡು ಹೋಗಿ.

ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಹೊರಗಿನ ಫೋಟೋ ಎಲ್ಲ ಅದಕ್ಕೆ ಮುಂಚೆ ಮುಗಿಸಿ. ಮಧ್ಯಾಹ್ನದ ಸಮಾರಂಭ ಸಿಕ್ಕಿದ್ದರೆ ಮೊದಲೇ ಗೌನ್ ತಗೊಂಡು ಗಡಿಯಾರದ ಗೋಪುರದ ಹತ್ತಿರ ತೆಗೆದುಬಿಡಿ. ಸುಮಾರು ನೂರು ಮೀಟರ್ ಎತ್ತರ, ಕೂತುಕೊಂಡು ಕ್ಯಾಮೆರಾ ಮೇಲಕ್ಕೆತ್ತಿದರೆ ಮಾತ್ರ ಪೂರ್ತಿ ಬರುತ್ತದೆ. ಗಂಟೆ ಹೊಡೆಯುವಾಗ ಅದರ ಕೆಳಗೆ ಹೋದರೆ ಫೇಲ್ ಆಗುತ್ತಾರೆ ಅನ್ನುವ ನಂಬಿಕೆ ಇದೆಯಲ್ಲ, ಪದವಿ ಕೈಗೆ ಬಂದ ಮೇಲೆ ಅಪ್ಪನನ್ನೂ ಕರೆದುಕೊಂಡು ಧಾರಾಳವಾಗಿ ಹೋಗಿ.

ಮಾರನೇ ದಿನ ಇಲ್ಲೇ ಹತ್ತಿರದ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗಿ. 2006ರಲ್ಲಿ ತೆರೆದದ್ದು, ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಅಲ್ಲಿ ಹೋದರೆ ಊರಿನ ನೆಮ್ಮದಿ. ಲಂಡನ್‌ಗೆ ನ್ಯೂ ಸ್ಟ್ರೀಟ್ ನಿಲ್ದಾಣದಿಂದ ರೈಲಿನಲ್ಲಿ ಒಂದೂವರೆ ಗಂಟೆ. ಥೇಮ್ಸ್ ದಡದಲ್ಲಿ, ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು. 2015ರ ನವೆಂಬರ್ 14ರಂದು ಅನಾವರಣ ಆಯಿತು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಕಾಣುತ್ತದೆ. ನನ್ನ ಅಪ್ಪ ಬಂದಾಗ ಅಲ್ಲಿ ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ಲಲಿಲ್ಲ.

ಹಾಸನ ವೀಸಾ:

ಮೇಡಂ, ನಿಮ್ಮ ಇ-ವೀಸಾದ ಶೇರ್ ಕೋಡ್ (ನಿಮ್ಮ ವೀಸಾವನ್ನು ಬೇರೆಯವರು ಆನ್‌ಲೈನ್‌ನಲ್ಲಿ ಪರಿಶೀಲಿಸಲು ಕೊಡುವ ಕೋಡ್), ವಿಶ್ವವಿದ್ಯಾಲಯದ ದಾಖಲಾತಿ ಪತ್ರ, ನೀವಿರುವ ಮನೆಯ ಬಾಡಿಗೆ ಕರಾರು, ಈ ಮೂರನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಅಪ್ಪ ಅಮ್ಮ ನಿಮ್ಮ ಮನೆಯಲ್ಲೇ ಉಳಿಯುವುದಾದರೆ ಮನೆ ಮಾಲೀಕರಿಂದ ಒಪ್ಪಿಗೆಯ ಒಂದು ಸಾಲು ಬರೆಸಿಕೊಳ್ಳಿ. ಪಹಣಿ, ಎಪಿಎಂಸಿ ಬಿಲ್ಲು ಅಪ್ಪ ಈ ವಾರ ತೆಗೆಸಲಿ. ಅನುವಾದಕ್ಕೆ ಕೊಡುವ ಮುಂಚೆ ಪಹಣಿಯಲ್ಲಿ ಅಪ್ಪನ ಹೆಸರು ಪಾಸ್‌ಪೋರ್ಟಿನ ಹಾಗೇ ಇದೆಯಾ ನೋಡಿ. ಬೇರೆ ಇದ್ದರೆ ಎರಡು ಹೆಸರೂ ಒಬ್ಬರದೇ ಅಂತ ಒಂದು ಅಫಿಡವಿಟ್ ಮಾಡಿಸಿ ಜೊತೆಗೆ ಇಡಿ.